ಡಪ್ಪಿಲ್ಲದ ಫಕೀರವ್ವನ ಡಬ್ಬಿ ತಾಳ

ಗಾಳಿ ನಿಂತುಬಿಟ್ಟಿದೆ. ಮೇ ತಿಂಗಳ ಕೊನೆಯ ಈ ಮುಂಜಾವದಲ್ಲಿ ವಾಸ್ಕೋದ ನೆತ್ತಿಯ ಮೇಲೆ ಮೋಡ ಬಂದು ಕೂತಿದೆ, ಆದರೆ ಹನಿ ಉದುರಿಸುವ ಮನಸ್ಸು ಅದಕ್ಕಿನ್ನೂ ಬಂದಿಲ್ಲ. ಬಂದರಿನ ಕಡೆಯಿಂದ ಏಳುವುದು ಉಪ್ಪು ಬೆರೆತ ಕಾವು, ಅದರ ಬೆನ್ನಿಗೆ ಅದಿರಿನ ಕೆಂಪು ದೂಳು. ಮಾಂಗೋರ್ ಗುಡ್ಡದ ತಗಡಿನ ಮನೆಗಳಲ್ಲಿ ಇಂಥ ಹವೆಯನ್ನು ಬೈಯದವರಿಲ್ಲ. ಬೈಯದೆ, ಬಾಗಿಲಿಗೆ ಬಂದು ಮೋಡಕ್ಕೆ ಕೈಮುಗಿದು ಒಳಗೆ ಹೋಗುವವರು ಒಬ್ಬರೇ, ಫಕೀರವ್ವ.

“ಇವತ್ತೊಂದಿನ ತಡಿಯೋ ನಮ್ಮಪ್ಪಾ,” ಎಂದು ಅವರು ಮೋಡಕ್ಕೆ ಹೇಳುತ್ತಾರೆ. “ನೀ ತಗಡಿನ ಮ್ಯಾಲ ಡೊಳ್ಳು ಬಾರಿಸಾಕ ಕುಂತ್ರ ಕೆಳಗ ನಮ್ಮ ಹಾಡು ಯಾರಿಗಿ ಕೇಳಬೇಕು?”

ಮಳೆ ಹಿಡಿಯಿತೆಂದರೆ ನಾಲ್ಕು ತಿಂಗಳು ಈ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸುವ ಕೆಲಸ ಬಂದ್. ಇರುವುದು ಒಂದೇ ಕೋಣೆ. ದನಿ ತಗಡಿಗೆ ಬಡಿದು ಗುಂಯ್‌ಗುಡಬಾರದೆಂದು ನಾಲ್ಕೂ ಗೋಡೆಗೆ ಕೌದಿ ಇಳಿಬಿಟ್ಟಿದ್ದಾರೆ. ನಡುವೆ ಒಂದು ಮಣೆ, ಮಣೆಯ ಮೇಲೆ ಟೇಪ್ ರೆಕಾರ್ಡರ್. ಅದರ ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ಕೂತವರು ಫಕೀರವ್ವನ ಗಂಡ ಲಕ್ಷ್ಮಪ್ಪ. ಹಾಡುವವಳು ಬೀದಿಯಲ್ಲಿ ತರಕಾರಿ ಮಾರುವ ಯಲ್ಲವ್ವ. ತಾಳಕ್ಕೆ ನೆರೆಮನೆಯ ಮೆಹಬೂಬಿ. ಅವಳ ಮಡಿಲಲ್ಲಿ ಬೋರಲು ಹಾಕಿದ ಒಂದು ಎಣ್ಣೆ ಡಬ್ಬಿ. ಫಕೀರವ್ವ ಹಾಡುವುದಿಲ್ಲ. ಹಾಡು ಅವರದು, ಧಾಟಿ ಅವರದು, ಖರ್ಚು ಅವರದು. ಬಾಯಿ ಮಾತ್ರ ಯಲ್ಲವ್ವನದು.

ರಾತ್ರಿ ಪಾಳಿಯ ಬಂದರು ಕೂಲಿಗಳು ಬಂದು ಮಲಗಿದ ಮೇಲೆ, ನಲ್ಲಿಗೆ ನೀರು ಬರುವ ಮುಂಚೆ, ಇಳಿಜಾರಿನಲ್ಲಿ ಮೊದಲ ಬಸ್ಸು ಗುರುಗುಟ್ಟುವ ಮುಂಚೆ ಈ ಗುಡ್ಡ ಒಂದಿಷ್ಟು ಹೊತ್ತು ಸುಮ್ಮನಿರುತ್ತದೆ. ಆ ಸಂದಿಯಲ್ಲೇ ಹಾಡು ಮುಗಿಯಬೇಕು. ಲಕ್ಷ್ಮಪ್ಪ ಗುಂಡಿ ಒತ್ತುತ್ತಾರೆ. ಯಲ್ಲವ್ವ ಕಣ್ಣು ಮುಚ್ಚಿ ಎತ್ತಿಕೊಳ್ಳುತ್ತಾಳೆ. ನುಡಿ ಮುಗಿದು ‘ಗೀಯ ಗಾ’ ಎಂದು ಎಳೆಯುವಲ್ಲಿಗೆ ಬಂದವಳು ಎಳೆಯುತ್ತಲೇ ಹೋಗುತ್ತಾಳೆ. ಮೆಹಬೂಬಿ ಡಬ್ಬಿಗೆ ಒಂದೇಟು, ಎರಡೇಟು, ಮೂರೇಟು ಹಾಕುತ್ತಾಳೆ. ಯಲ್ಲವ್ವ ನಿಲ್ಲುವುದಿಲ್ಲ.

“ಅಯ್ಯ, ನಿನ್ನ ಉಸುರು ಉದ್ದ ಆಗ್ಲಿ, ಎಲ್ಲಿತನಕ ಎಳೀತಿ ಬೇ? ಪಣಜಿತನಕ?” ಮೆಹಬೂಬಿ ನಗುತ್ತಾಳೆ.

“ಡಪ್ಪು ಕಡದರ ನನಗ ತಿಳೀತೈತಿ. ನಿನ್ನ ಡಬ್ಬಿ ಕಡದರ ಎಣ್ಣಿ ಮುಗದೈತಿ ಅಂತ ಅಷ್ಟ ತಿಳೀತೈತಿ,” ಎಂದುಬಿಟ್ಟು ಯಲ್ಲವ್ವ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಈ ಮನೆಯಲ್ಲಿ ಡಪ್ಪಿನ ಮಾತು ಯಾರೂ ಎತ್ತುವುದಿಲ್ಲ. ಲಕ್ಷ್ಮಪ್ಪ ಟೇಪನ್ನು ಹಿಂದಕ್ಕೆ ತಿರುಗಿಸುತ್ತ ಕೂರುತ್ತಾರೆ. ಫಕೀರವ್ವ ಮಾತ್ರ, ಏನೂ ಆಗದವರಂತೆ, “ಇನ್ನೊಮ್ಮಿ ಎತ್ತವಾ,” ಎನ್ನುತ್ತಾರೆ.

ಎರಡನೇ ಸಲ ಹಾಡು ಚಂದ ಬರುತ್ತದೆ. ಕೊನೆಯ ನುಡಿಗೆ ಬರುವಷ್ಟರಲ್ಲಿ ಕೆಳಗಿನ ಓಣಿಯಿಂದ ಪೋಂ ಪೋಂ. ಸೈಕಲ್ಲಿನ ಮೇಲೆ ಪಾವ್ ಮಾರುವ ಪೊದೇರ ಬಂದ.

“ಬಂದ ನೋಡು, ನಮ್ಮ ಸನಾದಿಯಾಂವ,” ಎನ್ನುತ್ತಾರೆ ಲಕ್ಷ್ಮಪ್ಪ.

ಅದಕ್ಕೊಂದು ಕಥೆಯಿದೆ. ಇವರ ಮೊದಲ ಕ್ಯಾಸೆಟ್ಟಿನಲ್ಲಿ ಪೊದೇರನ ಹಾರ್ನು ಹಾಗೇ ಉಳಿದುಬಿಟ್ಟಿತ್ತು. ಅಳಿಸಲು ಬರಲಿಲ್ಲ, ಇನ್ನೊಮ್ಮೆ ಹಾಡಿಸಲು ಮಳೆ ಬಿಡಲಿಲ್ಲ. ಆ ಕ್ಯಾಸೆಟ್ ಸಿಂದಗಿ, ಇಂಡಿ ಕಡೆಯ ಹಳ್ಳಿಗಳಿಗೆ ಹೋದಾಗ ಅಲ್ಲಿನ ಭಜನೆಯವರು ಹೇಳಿಕಳಿಸಿದರಂತೆ: ಹಾಡು ಚಲೋ ಐತಿ, ಆ ಪೋಂ ಪೋಂ ಅನ್ನೋದು ಯಾವ ವಾದ್ಯ, ಎಲ್ಲಿ ಸಿಗತೈತಿ? “ಗೋವಾದ ವಾದ್ಯರಿ, ಮುಂಜಾನೆ ಅಷ್ಟ ನುಡೀತೈತಿ, ತಿನ್ನಾಕೂ ಬರತೈತಿ ಅಂತ ಹೇಳಿ ಕಳಿಸಿದ್ನಿ,” ಎಂದು ಲಕ್ಷ್ಮಪ್ಪ ನಗುತ್ತಾರೆ. ನಕ್ಕರೆ ಅವರ ಬೆನ್ನು ಹಿಡಿಯುತ್ತದೆ. ಬಂದರಿನಲ್ಲಿ ಮೂಟೆ ಹೊತ್ತ ಬೆನ್ನು ಅದು. ಆರು ವರ್ಷದಿಂದ ಮನೆಯಲ್ಲೇ ಇದೆ.

ಫಕೀರವ್ವ ಸಿಂದಗಿ ಕಡೆಯವರು. ಸೋದರಮಾವನದು ಗೀಗೀ ಮೇಳ. ಲಂಗ ಉಡುವ ವಯಸ್ಸಿನಲ್ಲಿ ಮಾವನ ಹಿಂದೆ ನಿಂತು ‘ಗೀ’ ಅನ್ನಲು ಕಲಿತ ಹುಡುಗಿ, ಮದುವೆಯಾಗಿ ಎರಡು ವರ್ಷಕ್ಕೆ ಮಾವನ ಕೈಯಿಂದಲೇ ಡಪ್ಪು ಪಡೆದು ಮುಂದೆ ನಿಂತಳು. ಗೀಗೀ ಹಾಡಿನವರಲ್ಲಿ ಎರಡು ಪಂಗಡ. ಗಂಡು ಹೆಚ್ಚು ಎನ್ನುವವರು ಹರದೇಶಿ, ಹೆಣ್ಣು ಹೆಚ್ಚು ಎನ್ನುವವರು ನಾಗೇಶಿ. ಒಬ್ಬರು ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಬೆಳಗಾಗುವವರೆಗೆ ಬೈದಾಡಿ, ಬೆಳಗಾದ ಮೇಲೆ ಒಂದೇ ಗಂಗಾಳದಲ್ಲಿ ಉಣ್ಣಬೇಕು. ಫಕೀರವ್ವನದು ನಾಗೇಶಿ. “ನಾ ಹಾಡಾಕ ನಿಂತ್ರ ಗಂಡಸರು ಮೀಸಿ ಮ್ಯಾಲಿನ ಕೈ ತಗದು ತಲಿ ಮ್ಯಾಲ ಇಟ್ಕೋತಿದ್ರು,” ಎಂದು ಅವರು ಹೇಳುವಾಗ ಒಂದು ಕ್ಷಣ ಆ ಹಳೆಯ ಹೆಂಗಸು ಕಣ್ಣಲ್ಲಿ ಬಂದು ಹೋಗುತ್ತಾಳೆ.

ಎಂಬತ್ತರಲ್ಲಿ ಗಂಡಹೆಂಡತಿ ಗೋವಾಕ್ಕೆ ಬಂದರು. ಲಕ್ಷ್ಮಪ್ಪ ಬಂದರಿಗೆ, ಫಕೀರವ್ವ ಕಟ್ಟಡದ ಕೆಲಸಕ್ಕೆ ಬುಟ್ಟಿ ಹೊರಲು. ಡಪ್ಪು ಹಾಸಿಗೆಯ ಗಂಟಿನಲ್ಲೇ ಬಂದಿತ್ತು. ಆಗ ವಾಸ್ಕೋ, ಮಡಗಾಂವ್, ಕೊರ್ಲಿಮ್ ಎಲ್ಲ ಕಡೆ ನಮ್ಮ ಕಡೆಯ ಜನ ತುಂಬುತ್ತಿದ್ದ ಕಾಲ. ಚೌತಿಯ ಗಣಪತಿ ಕೂರಿಸಿದಲ್ಲೆಲ್ಲ ಗೀಗೀ ಹಾಡು ಬೇಕು. ಹಗಲು ಸಿಮೆಂಟು ಹೊತ್ತು, ಸಂಜೆ ಮೈ ತೊಳೆದು, ಫಕೀರವ್ವ ಹಾಡಲು ಹೋಗುತ್ತಿದ್ದರು.

ಎಂಬತ್ನಾಲ್ಕರ ಚೌತಿಯಲ್ಲಿ ಅವರೆದುರು ನಿಂತದ್ದು ಕೊರ್ಲಿಮ್‌ನಿಂದ ಬಂದ ಹರದೇಶಿ ಮೇಳ. ಅದರ ಮುಂದಾಳು ಅಮೀನಪ್ಪ, ಅಲ್ಲಿನ ಕಾರ್ಖಾನೆಯೊಂದರ ಕಾವಲುಗಾರ. ಒಳ್ಳೆಯ ಹಾಡುಗಾರ, ನಯವಾದ ಮನುಷ್ಯ. ಆ ಸಂಜೆ ಅಮೀನಪ್ಪ ಹಾಕಿದ ಸವಾಲು ಇದು:

ಊರ ಬಿಟ್ಟು ಬಂದೀರಿ, ಊರ ದೇವರನ ತಂದೀರಿ,
ತಂದಿದ್ದರ ಅಲ್ಲಿ ಗುಡಿಯಾಗ ಕುಂತಾಂವ ಯಾರ?
ಅಲ್ಲೇ ಬಿಟ್ಟು ಬಂದಿದ್ದರ
ಇಲ್ಲಿ ಕೈಯ ಮುಗದದ್ದ ಯಾರಿಗೆ?

ಸವಾಲು ಕಠಿಣದ್ದೇನಲ್ಲ. ದೇವರು ಎಲ್ಲ ಕಡೆ ಇದ್ದಾನೆ ಎನ್ನುವ ಜವಾಬು ಮಾವನ ಕಾಲದಿಂದ ಬಾಯಿಪಾಠ ಇತ್ತು. ಹತ್ತು ಧಾಟಿಯಲ್ಲಿ ಹಾಡಬಹುದಿತ್ತು. ಆದರೆ ಆ ಆಷಾಢದಲ್ಲಿ ಫಕೀರವ್ವನ ನಾಲ್ಕು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಹೊರಗೆ ಮಳೆ, ಒಳಗೆ ಕೂಸು. ಊರ ಹನಮಪ್ಪನ ಹೆಸರು ಹಿಡಿದು ಕೂಗಿದ್ದೇ ಕೂಗಿದ್ದು.

“ಡಪ್ಪು ಎತ್ತಿದ್ನಿರಿ. ಎಲ್ಲಾ ಕಡಿ ಇದ್ದಾನ ಅಂತ ಹಾಡಬೇಕು. ಎಲ್ಲಾ ಕಡಿ ಇದ್ದಾಂವ ಆ ಹೊತ್ತಿನ್ಯಾಗ ನನ್ನ ಮನಿಯಾಗ ಯಾಕ ಇದ್ದಿಲ್ಲ ಅಂತ ಒಳಗ ಒಂದು ದನಿ ಕೇಳಾಕತ್ತು. ನನಗ ಖರೇ ಅನಿಸದ್ದನ್ನ ಡಪ್ಪಿನ ಮ್ಯಾಲ ಹೆಂಗ ಹಾಡಲಿ? ಬಾಯಿ ತಗಿಲಿಲ್ಲ. ಡಪ್ಪು ಒಯ್ದು ಅವರ ಮುಂದ ಇಟ್ನಿ.”

ಅವರ ಕಡೆಯ ಮೇಳಗಳಲ್ಲಿ ಹಾಗೊಂದು ನೇಮ. ಜವಾಬು ಕೊಡದವರು ಡಪ್ಪು ಬಿಟ್ಟುಕೊಡಬೇಕು. ಗೆದ್ದವರು ಅದನ್ನು ಬಾರಿಸುವಂತಿಲ್ಲ, ಮಾರುವಂತಿಲ್ಲ. ಜವಾಬು ಬರುವವರೆಗೆ ಜೋಪಾನ ಮಾಡಬೇಕು. ಸೋತವರು ಅಲ್ಲಿಯವರೆಗೆ ಮುಂದೆ ನಿಂತು ಹಾಡುವಂತಿಲ್ಲ. ಕಾಲ ಮೀರಿತು ಎನ್ನುವ ಮಾತು ಆ ನೇಮದಲ್ಲಿ ಇಲ್ಲ.

ಮಗಳ ಸುದ್ದಿ ಅಮೀನಪ್ಪನಿಗೆ ಆಮೇಲೆ ತಿಳಿಯಿತು. ಮರುವಾರವೇ ಡಪ್ಪು ಹಿಡಿದು ಗುಡ್ಡ ಹತ್ತಿ ಬಂದರು. ತಿಳಿಯದೆ ಹಾಕಿದ ಸವಾಲು, ಅದನ್ನು ಲೆಕ್ಕಕ್ಕೆ ಹಿಡಿಯಬೇಡ ತಂಗಿ ಎಂದರು. ಫಕೀರವ್ವ ಚಹಾ ಕೊಟ್ಟರು, ಡಪ್ಪು ಮುಟ್ಟಲಿಲ್ಲ. “ಜವಾಬು ಕೊಡದ ಇಸ್ಕೊಂಡ್ರ ಅದು ಭಿಕ್ಷಾ ಆಗತೈತಿ ಅಣ್ಣಾ. ನನ್ನ ಮಗಳ ಹೆಸರಿಲೆ ಭಿಕ್ಷಾ ಬ್ಯಾಡ,” ಎಂದು ಕಳಿಸಿಕೊಟ್ಟರು.

ಹಾಡುವ ಬಾಯಿ ಮುಚ್ಚಿದ ಮೇಲೆ ಹಾಡು ಎಲ್ಲಿ ಹೋಗಬೇಕು? ನೀರಿಗೆ ಒಡ್ಡು ಹಾಕಿದರೆ ಅದು ಪಕ್ಕದ ಹೊಲ ಹುಡುಕುತ್ತದೆ. ಫಕೀರವ್ವ ಬುಟ್ಟಿ ಹೊರುತ್ತ ಹೊರುತ್ತ ಹಾಡು ಕಟ್ಟತೊಡಗಿದರು. ಅದುವರೆಗೆ ಹಾಡಿದ್ದು ಮಾವನ ಕಾಲದ ಹಾಡು. ಈಗ ಕಟ್ಟಿದ್ದು ಕಣ್ಣೆದುರಿನದು. ಮೊದಲ ಸಲ ಸಮುದ್ರ ನೋಡಿ ಇಷ್ಟು ನೀರಿದ್ದೂ ಕುಡಿಯಲಿಕ್ಕಿಲ್ಲವಲ್ಲ ಎಂದು ಅತ್ತ ಸೊಸೆಯ ಹಾಡು. ಬಂದರಿನ ಕ್ರೇನನ್ನು ನೋಡಿ ಇದು ಯಾವ ರಾಕ್ಷಸನ ಕೈ ಎಂದು ಕೇಳುವ ಮುದುಕನ ಹಾಡು. ಬಾಡಿಗೆ ವಸೂಲಿಗೆ ಬರುವ ಬಾಟ್ಕಾರನ, ಅಂದರೆ ಜಾಗದ ಒಡೆಯನ, ನಾಯಿಗೂ ‘ರೀ’ ಹಚ್ಚಿ ಮಾತಾಡುವ ಗೌಂಡಿಯ ಹಾಡು. ಹಬ್ಬಕ್ಕೆ ಊರಿಗೆ ಹೋಗಲಾಗದವರು ಇಲ್ಲಿಂದಲೇ ಹನಮಪ್ಪನನ್ನು ಕರೆಯುವ ಹಾಡು. ಅಕ್ಷರ ಬಾರದ ಫಕೀರವ್ವ ಯಾವುದನ್ನೂ ಬರೆದಿಡಲಿಲ್ಲ. ಯಲ್ಲವ್ವನ ಬಾಯಿಗೆ ಹಾಕಿದರು.

ಎಂಬತ್ತೇಳರಲ್ಲಿ ಮೊದಲ ಕ್ಯಾಸೆಟ್. ಮಡಗಾಂವ್‌ನ ಸ್ಟುಡಿಯೋದವರು, ಡಪ್ಪಿಲ್ಲದ ಗೀಗೀ ಹಾಡು ಹೇಗೆ, ತಬಲಾ ಹಾಕಿಸಿ ಎಂದರು. ಬೇರೆಯವರ ಡಪ್ಪು ತಂದು ಬಾರಿಸುವುದು ನೇಮಕ್ಕೆ ಹೊರಗು. ತಬಲಾ ಮೆಹಬೂಬಿಗೆ ಒಪ್ಪಿಗೆಯಿಲ್ಲ. “ಅದು ಹಾಡಿನ ಮುಂದ ಮಾತಾಡತೈತಿ,” ಎಂದು ಮನೆಗೆ ಬಂದು ಎಣ್ಣೆ ಡಬ್ಬಿ ಎತ್ತಿಕೊಂಡಳು. ಅದೇ ಗಟ್ಟಿಯಾಯಿತು. ಈಗ ಹುಬ್ಬಳ್ಳಿ ಕಡೆಯ ಹೊಸ ಹುಡುಗರು ಒಳ್ಳೆಯ ಡಪ್ಪು ಮನೆಯಲ್ಲಿಟ್ಟು ಡಬ್ಬಿ ಬಾರಿಸಿ ಕ್ಯಾಸೆಟ್ ಮಾಡುತ್ತಿದ್ದಾರಂತೆ. ‘ಗೋವಾ ತಾಳ’ ಎಂದು ಅದಕ್ಕೆ ಹೆಸರಂತೆ. ಆ ತಾಳ ಎಲ್ಲಿಂದ ಬಂತು ಎಂದು ಕೇಳಿಕೊಂಡು ಈ ಗುಡ್ಡ ಹತ್ತಿದವರಿಲ್ಲ.

ಕೆಲಸ ಮಾತ್ರ ಮುಗಿಯುವಂಥದ್ದಲ್ಲ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಹಾಡು ಇಳಿಸಲು ಒಂದು ತಾಸು. ಎರಡು ಯಂತ್ರ ಎದುರುಬದುರು ಇಟ್ಟು, ಕರೆಂಟು ಕೈಕೊಡದಿದ್ದರೆ, ಲಕ್ಷ್ಮಪ್ಪ ದಿನಕ್ಕೆ ಎಂಟೋ ಒಂಬತ್ತೋ ಇಳಿಸುತ್ತಾರೆ. ಅಷ್ಟರಲ್ಲಿ ಫಕೀರವ್ವ ರೈಲ್ವೆಯವರ ಎರಡು ಮನೆಯ ಪಾತ್ರೆ ತೊಳೆದು, ಬಸ್ ನಿಲ್ದಾಣದಲ್ಲಿ ವಿಜಾಪುರದ ಬಸ್ಸು ಹತ್ತುವವರಿಗೆ ಕ್ಯಾಸೆಟ್ ಕೊಟ್ಟು ಬರುತ್ತಾರೆ. ಅವರ ಹಾಡುಗಳನ್ನೇ ಬೇರೆ ಊರಿನವರು ನಕಲು ಮಾಡಿ ಬೇರೆ ಹೊದಿಕೆಯಲ್ಲಿ ಮಾರುವುದೂ ಉಂಟು. ಅದರ ಸಿಟ್ಟು ಅವರಿಗಿಲ್ಲ. ಸಿಟ್ಟಿಗೂ ಒಂದು ತ್ರಾಣ ಬೇಕಲ್ಲ.

“ಮೈ ದಣಿಯೂದು ಏನ ದೊಡ್ಡದಲ್ಲರಿ, ಮಲಗಿದ್ರ ಹೋಗತೈತಿ. ನಂದು ಬಾಯಿ ದಣದೈತಿ. ಮಂದಿ ಬಾಯಾಗ ಹಾಡು ಇಟ್ಟು ಇಟ್ಟು, ತಾ ಸುಮ್ಮನ ಕುಂತು ಕುಂತು ದಣದೈತಿ,” ಎನ್ನುತ್ತಾರೆ ಫಕೀರವ್ವ.

ಹೀಗೆ ಹನ್ನೆರಡು ವರ್ಷ ಕಳೆದವು. ಜವಾಬನ್ನು ಹುಡುಕುವುದನ್ನು ಅವರು ಬಿಟ್ಟೇಬಿಟ್ಟಿದ್ದರು. ದೇವರ ಕೆಲಸವೇ ಹಾಗೆ. ಹುಡುಕುವವನ ಎದುರು ಅಡಗುತ್ತಾನೆ, ಸುಮ್ಮನಾದವನ ಹೆಗಲು ಮುಟ್ಟುತ್ತಾನೆ. ಮೂರು ವಾರದ ಹಿಂದೆ, ಬೆಳಿಗ್ಗೆ ನಲ್ಲಿಯ ಬಳಿ ಅದು ನಡೆಯಿತು.

ನೀರಿನ ಪಾಳಿ ರಸ್ತೆಯವರೆಗೆ ಬಂದಿತ್ತು. ಪಾಳಿಯಲ್ಲಿ ಫಕೀರವ್ವನ ಮುಂದೆ ಯಲ್ಲವ್ವ ಎರಡು ಕೊಡ ಹಿಡಿದು, ಯಾರೋ ನಡುವೆ ನುಗ್ಗಿದಳೆಂದು ಜಗಳಕ್ಕೆ ನಿಂತಿದ್ದಳು. ಅಷ್ಟರಲ್ಲಿ ವಿಜಾಪುರದಿಂದ ರಾತ್ರಿಯೆಲ್ಲ ಓಡಿ ಬಂದ ಬಸ್ಸು ತಿರುವಿನಲ್ಲಿ ನಿಂತಿತು. ಡ್ರೈವರನ ಪಕ್ಕದ ಟೇಪಿನಲ್ಲಿ ಯಲ್ಲವ್ವನದೇ ದನಿ, ಹನಮಪ್ಪನನ್ನು ಕರೆಯುವ ಹಾಡು. ಆ ಹಾಡಿಗೆ ಡ್ರೈವರ್ ಸ್ಟೇರಿಂಗಿನ ಮೇಲೆ ಕೈ ಜೋಡಿಸಿ ಕಣ್ಣಿಗೊತ್ತಿಕೊಂಡ. ಒತ್ತಿಕೊಂಡವನೇ ತಲೆ ಹೊರಗೆ ಹಾಕಿ ಯಲ್ಲವ್ವನನ್ನು ಗದರಿದ: “ಏ ಬಾಯಿ, ಕೊಡ ತಗದು ಆ ಕಡಿ ಸರಿ, ಬಸ್ಸಿಗಿ ದಾರಿ ಬಿಡು!”

“ನನ್ನ ಅಣ್ಣನ ಮಗ ಅವತ್ತ ಅದ ಬಸ್ಸಿನಿಂದ ಇಳದ. ಈ ಹಾಡು ನಮ್ಮೂರ ಗುಡಿಯಾಗ ದಿನಾ ಮುಂಜಾನೆ ಹಚ್ಚತಾರ ಅತ್ತಿ ಅಂದ. ನಾ ಕೊಡ ಕೆಳಗ ಇಟ್ಟು ಅಲ್ಲೇ ದಾರಿಯಾಗ ಕುಂತ್ನಿ. ಊರ ಗುಡಿಯಾಗ ಯಲ್ಲವ್ವ ಹಾಡಾಕತ್ತಾಳ, ಬಸ್ಸಿನ್ಯಾಗ ಹಾಡಾಕತ್ತಾಳ. ಖರೇ ಯಲ್ಲವ್ವ ಇಲ್ಲಿ ಖಾಲಿ ಕೊಡ ಹಿಡಕೊಂಡು ಬೈಸ್ಕೊಳ್ಳಾಕತ್ತಾಳ. ಆಗ ತಿಳೀತು ನನಗ, ಆ ಹೊತ್ತಿನ್ಯಾಗ ಹನಮಪ್ಪ ಎಲ್ಲಿ ಇದ್ದ ಅಂತ.” ಅಲ್ಲಿಗೆ ನಿಲ್ಲಿಸಿ ಫಕೀರವ್ವ ಸೆರಗಿನಿಂದ ಮುಖ ಒರೆಸುತ್ತಾರೆ. ಸೆಕೆ ಬಹಳ. “ನನ್ನ ಕೂಸಿನ ಬಾಜೂಕ ಕುಂತಿದ್ದನ್ರಿ. ನಮ್ಮಂಗ ಕೈ ಸಾಗದ, ಏನೂ ಮಾಡಾಕ ತಿಳೀದ ಕುಂತಿದ್ದ. ನಾ ಅವನ ಗುರ್ತು ಹಿಡೀಲಿಲ್ಲ.”

ಜವಾಬು ಸಿಕ್ಕಿತು, ಆದರೆ ಒಯ್ದು ಕೊಡುವ ಧೈರ್ಯ ಬರಲಿಲ್ಲ. ಜವಾಬಿಗೆ ಸಭೆ ಬೇಕು, ಐದು ಮಂದಿ ಕೇಳುಗರಾದರೂ ಬೇಕು. ಈಗ ಗೀಗೀ ಮೇಳ ಎಲ್ಲಿವೆ? ಚೌತಿಯಲ್ಲಿ ಸಿನಿಮಾ ಹಾಡು ಹಚ್ಚಿ ಹುಡುಗರು ಕುಣಿಯುತ್ತಾರೆ. ಹೊಸ ಜವಾಬನ್ನು ಆ ಹಳೆಯ ಮನುಷ್ಯ ಒಪ್ಪದಿದ್ದರೆ? ಅಂಜಿಕೊಂಡೇ ಮೂರು ವಾರ ಹೋದವು. ನಿನ್ನೆ ಮೆಹಬೂಬಿಯ ಮೈದುನ ಕೊರ್ಲಿಮ್‌ನಿಂದ ಸುದ್ದಿ ತಂದ. ಅಮೀನಪ್ಪನಿಗೆ ಉಬ್ಬಸ ಹೆಚ್ಚಾಗಿದೆ, ಕೆಲಸ ಬಿಟ್ಟು ನಾಳೆ ರಾತ್ರಿಯ ಬಸ್ಸಿಗೆ ಊರಿಗೆ ಹೋಗುತ್ತಾರೆ, ಇನ್ನು ಗೋವಾಕ್ಕೆ ಬರುವುದಿಲ್ಲ.

ನಾಳೆ ಎಂದರೆ ಇವತ್ತು.

ಅದಕ್ಕೇ ಇಂದು ಬೆಳಿಗ್ಗೆ ಹಾಡು ತುಂಬಿಸಿ ಮುಗಿದರೂ ಯಲ್ಲವ್ವ ಏಳುತ್ತಿಲ್ಲ. “ಹೋಗಿ ಬಾರಬೇ ಅಕ್ಕಾ. ಎಷ್ಟಂತ ನಿನ್ನ ಹಾಡು ನಾ ಹಾಡಲಿ? ನನ್ನ ಬದನಿಕಾಯಿ ಒಣಗಾಕತ್ತಾವ.”

“ಅಂವಾ ಒಲ್ಲೆ ಅಂದ್ರ?”

“ಒಲ್ಲೆ ಅಂದ್ರ ಡಬ್ಬಿ ಐತಲ್ಲ,” ಎನ್ನುತ್ತಾಳೆ ಮೆಹಬೂಬಿ.

ಫಕೀರವ್ವ ಗಂಡನ ಕಡೆ ನೋಡುತ್ತಾರೆ. ಲಕ್ಷ್ಮಪ್ಪ ಯಂತ್ರದಿಂದ ತಲೆ ಎತ್ತುವುದಿಲ್ಲ. “ನೀ ಮನಿಯಾಗ ಹಾಡದ ಹನ್ನೆರಡು ವರ್ಷ ಆತು,” ಎಂದಷ್ಟೇ ಹೇಳುತ್ತಾರೆ. “ಹೋಗು.”

ಪಣಜಿಗೆ ಒಂದು ಬಸ್ಸು, ಅಲ್ಲಿಂದ ಫೋಂಡಾ ದಾರಿಯ ಬಸ್ಸು. ಝುವಾರಿ ಸೇತುವೆಯ ಮೇಲೆ ಹೋಗುವಾಗ ಫಕೀರವ್ವ ಕಿಟಕಿಯ ಕಂಬಿಗೆ ಹಣೆ ಆನಿಸಿ ತುಟಿ ಅಲ್ಲಾಡಿಸುತ್ತಾರೆ. ಹಾಡೋ, ಪ್ರಾರ್ಥನೆಯೋ, ಅವರಲ್ಲಿ ಎರಡಕ್ಕೂ ನಡುವೆ ಗೋಡೆಯಿಲ್ಲ. ಕೊರ್ಲಿಮ್‌ನಲ್ಲಿ ಇಳಿದಾಗ ಹೊತ್ತು ನೆತ್ತಿಗೆ ಬಂದಿದೆ. ಕಾರ್ಖಾನೆಯ ಕಬ್ಬಿಣದ ಗೇಟು ಹಾಕಿದೆ. ಸರಳುಗಳ ಆಚೆ, ಕಾವಲು ಗೂಡಿನ ನೆರಳಲ್ಲಿ, ಖಾಕಿ ಅಂಗಿಯ ಅಮೀನಪ್ಪ ಸ್ಟೂಲಿನ ಮೇಲೆ ಕೂತು ಉಸಿರು ಎಳೆಯುತ್ತಿದ್ದಾರೆ. ಬೆನ್ನು ಬಾಗಿದೆ. ಫಕೀರವ್ವನನ್ನು ನೋಡಿ ಎದ್ದು ಬರುತ್ತಾರೆ.

“ಏನವಾ ತಂಗಿ, ಬಿಸಿಲಾಗ? ನನ್ನ ಕಳಿಸಾಕ ಬಂದೀಯೇನು?”

“ಜವಾಬು ತಂದೇನಿ ಅಣ್ಣಾ.”

ಅಮೀನಪ್ಪ ಸುತ್ತ ನೋಡಿ, “ಸಭಾ ಎಲ್ಲೈತಿ?” ಎನ್ನುತ್ತಾರೆ.

ಗೇಟಿನ ಹೊರಗೆ ಚಹಾ ಮಾರುವ ಚಂಪಾಬಾಯಿ ಇದ್ದಾಳೆ. ಅವಳ ಬೆಂಚಿನ ಮೇಲೆ ಪಾಳಿ ಮುಗಿಸಿ ಬಸ್ಸಿಗೆ ಕಾದ ಇಬ್ಬರು ಹೆಂಗಸರು. ಲಾರಿಯ ನೆರಳಲ್ಲಿ ಬೀಡಿ ಸೇದುವ ಡ್ರೈವರ್. ಫಕೀರವ್ವ ಎಣಿಸುತ್ತಾರೆ. “ನಾಕು ಮಂದಿ ಆದ್ರು.”

“ಐದು ಬೇಕಲ್ಲವಾ. ನನ್ನ ಎಣಸಾಂಗಿಲ್ಲ, ನಾ ಸವಾಲಿನಾಂವ.”

ಬೆಂಚಿನ ಕೆಳಗೆ ಒಂದು ಕಂದು ನಾಯಿ ನಾಲಿಗೆ ಚಾಚಿ ಮಲಗಿದೆ. ಅಮೀನಪ್ಪ ಅದನ್ನು ಕೋಲಿನಿಂದ ತೋರಿಸುತ್ತಾರೆ. “ನಾಯಿ ಅಂದ್ರ ಮೈಲಾರಲಿಂಗನ ಮಂದಿ. ಬರಕೋ. ಐದು ಆತು.”

“ಅಣ್ಣಾ, ನಾಯಿ ಸಾಕ್ಷಿ ಯಾರು ಕೇಳತಾರ?” ಎಂದು ಚಂಪಾಬಾಯಿ ನಗುತ್ತಾಳೆ.

“ನೀ ಚಹಾದಾಗ ನೀರು ಹಾಕೂದು ಅದೊಂದಕ್ಕ ಗೊತ್ತು. ಅದರಷ್ಟು ಖರೇ ಸಾಕ್ಷಿ ಇನ್ನ್ಯಾರು?”

ನೇಮದ ಪ್ರಕಾರ ಸವಾಲನ್ನು ಇನ್ನೊಮ್ಮೆ ಹಾಡಬೇಕು. ಅಮೀನಪ್ಪ ಸರಳು ಹಿಡಿದು ನಿಂತು ಎತ್ತಿಕೊಳ್ಳುತ್ತಾರೆ. ಎರಡನೇ ಸಾಲಿಗೆ ಉಸಿರು ಕಡಿಯುತ್ತದೆ. ಫಕೀರವ್ವ ತುಂಬಿಕೊಡುವುದಿಲ್ಲ, ಕಾಯುತ್ತಾರೆ. ಉಸಿರು ಬಂದ ಮೇಲೆ ಅಮೀನಪ್ಪನೇ ಮುಗಿಸುತ್ತಾರೆ. ಇಲ್ಲಿ ಕೈಯ ಮುಗದದ್ದ ಯಾರಿಗೆ?

ಫಕೀರವ್ವ ಬಾಯಿ ತೆರೆಯುತ್ತಾರೆ. ಮೊದಲು ದನಿ ಬರುವುದಿಲ್ಲ, ಗಾಳಿ ಬರುತ್ತದೆ. ಬೆಂಚಿನ ಹೆಂಗಸರು ತಮ್ಮ ಮಾತು ನಿಲ್ಲಿಸುವುದಿಲ್ಲ. ಫಕೀರವ್ವ ಇನ್ನೊಮ್ಮೆ ಎತ್ತುತ್ತಾರೆ, ಒರಟಾಗಿ, ತಗ್ಗಿನಲ್ಲಿ. ಅಮೀನಪ್ಪನ ಕೋಲು ತನ್ನಷ್ಟಕ್ಕೆ ಗೇಟಿನ ಸರಳಿಗೆ ತಾಳ ಹಾಕತೊಡಗುತ್ತದೆ.

ಕೂಗುವ ದನಿ ಒಂದ, ಕೇಳುವ ಊರ ಎರಡ,
ಅಲ್ಲಿ ಹಾಡಿದರ ಇಲ್ಲಿ ಕಡಿಮಿ ಆಗಲಿಲ್ಲ.
ಗುಡಿಯಾಗ ಕುಂತೈತಿ ಅವನ ಹಾಡ,
ಹಾಡಿದಾಂವ ನಿಂತಾನ ನಮ್ಮ ಕೂಡ
ಖಾಲಿ ಕೊಡ ಹಿಡಕೊಂಡ, ನೀರಿನ ಪಾಳಿಯೊಳಗ.

ಹೆಂಗಸರು ಮಾತು ನಿಲ್ಲಿಸಿದ್ದಾರೆ. ಕೋಲೂ ನಿಂತಿದೆ. “ಕಡೀ ಸಾಲು ಇನ್ನೊಮ್ಮಿ ಅನ್ನು,” ಎನ್ನುತ್ತಾರೆ ಅಮೀನಪ್ಪ. ಫಕೀರವ್ವ ಹಾಡುತ್ತಾರೆ. ಸಾಲು ಮುಗಿಯುವಲ್ಲಿ, ಹಿಂದೆ ನಿಂತ ಮೇಳದವರು ಹಿಡಿದುಕೊಳ್ಳಬೇಕಾದ ಜಾಗದಲ್ಲಿ, ಗೇಟಿನ ಆಚೆಯಿಂದ ಆ ಹರದೇಶಿ ಮುದುಕ ತಮ್ಮ ಕಡಿದ ಉಸಿರಿನಲ್ಲೇ ‘ಗೀಯ ಗಾ’ ಎಂದು ಎತ್ತಿ ಹಿಡಿಯುತ್ತಾರೆ. ಒಪ್ಪಿದೆ ಎನ್ನುವುದಕ್ಕೆ ಅವರಲ್ಲಿ ಬೇರೆ ಮಾತಿಲ್ಲ.

ಆಮೇಲೆ ಅವರು ಗೂಡಿನೊಳಗೆ ಹೋಗಿ, ಕಟ್ಟಿಟ್ಟ ಟ್ರಂಕಿನ ಹಗ್ಗ ಬಿಚ್ಚಿ, ಹಳೆಯ ಖಾಕಿ ಅಂಗಿಯಲ್ಲಿ ಸುತ್ತಿದ್ದನ್ನು ತರುತ್ತಾರೆ. “ಕಟಿಗಿ ನಿಂದು. ಚರ್ಮ ಎರಡು ಸಲ ಬದಲಿ ಮಾಡಿಸೇನಿ. ಈ ಹವಾಕ್ಕ ಉಳಿಯಂಗಿಲ್ಲ ನೋಡು.” ಸರಳುಗಳ ಸಂದಿಯಲ್ಲಿ ಅದು ತೂರುವುದಿಲ್ಲ. ಗಾಡಿ ಬಂದರಷ್ಟೇ ಗೇಟು ತೆರೆಯಬೇಕೆಂಬುದು ಕಾರ್ಖಾನೆಯ ಕಟ್ಟಳೆ. ಅಮೀನಪ್ಪ ಸೊಂಟದಿಂದ ಬೀಗದ ಕೈ ತೆಗೆದು ಗೇಟನ್ನು ಮೈಯಗಲ ಸರಿಸುತ್ತಾರೆ. ಫಕೀರವ್ವ ಚಪ್ಪಲಿ ಬಿಟ್ಟು ಸೆರಗು ಒಡ್ಡುತ್ತಾರೆ. ಅಮೀನಪ್ಪ ಡಪ್ಪನ್ನು ಹಣೆಗೆ ಮುಟ್ಟಿಸಿಕೊಂಡು, ಎರಡೂ ಕೈಯಿಂದ ಸೆರಗಿನೊಳಗೆ ಇಳಿಸಿ, ಬಿಡುತ್ತಾರೆ.